ಬಚ್ಚಲಲ್ಲಿ ತೊಳೆದ ಸಿನಿಮಾ

"ಎಷ್ಟಾಯ್ತು ಅಮ್ಮಾ?"

"ಒಂಬತ್ತು."

"ಒಂಬತ್ತಾ, ಒಂಬತ್ತೂವರೆನಾ?"

"ಒಂಬತ್ತು ಅಂದ್ನಲ್ಲೇ. ಗಡಿಯಾರ ನೋಡ್ಕೊಂಡೇ ಕೂತಿದೀನಿ. ಹಾಲು ಉಕ್ಕಿದ್ರೆ ನೀನೇ ಒರೆಸ್ಬೇಕು."

ಬಚ್ಚಲಿನ ಬಾಗಿಲ ಆಚೆ ಅಮ್ಮ, ಈಚೆ ನಾನು. ಒಳಗೆ ಕಗ್ಗತ್ತಲು. ಬಾಗಿಲ ಸಂದಿಗೆ ಹಳೇ ಕಂಬಳಿ ತುರುಕಿದ್ದೆ, ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಅಂಟಿಸಿದ್ದೆ. ಎದುರಿಗೆ ಬಕೆಟು. ಬಕೆಟಿನಲ್ಲಿ ಕಾಫಿ. ಕಾಫಿಯೊಳಗೆ 25 ಅಡಿ ಉದ್ದದ ಫಿಲ್ಮು. ಗ್ಲೌಸ್ ಹಾಕಿದ ಕೈಯಲ್ಲಿ ಅದನ್ನು ಶಾವಿಗೆ ಕಲಸಿದ ಹಾಗೆ ಮೇಲೆ ಕೆಳಗೆ ಮಾಡುತ್ತಾ ಇರಬೇಕು. ಹದಿನೈದು ನಿಮಿಷ. ಕೈ ನಿಂತರೆ ಒಂದಕ್ಕೊಂದು ಅಂಟಿದ ಕಡೆ ಚಿತ್ರ ಬರುವುದಿಲ್ಲ. ಫೋನು ಒಳಗೆ ತರುವ ಹಾಗಿಲ್ಲ, ಅದರ ಬೆಳಕು ಒಂದು ಸಲ ಮಿಂಚಿದರೂ ಫಿಲ್ಮು ಕಥೆ ಮುಗಿಯಿತು. ಅದಕ್ಕೇ ಅಮ್ಮನನ್ನು ಗಡಿಯಾರ ಮಾಡಿದ್ದು.

ನಾನು ಓದಿದ್ದು ಪೇಂಟಿಂಗ್. ಸಿನಿಮಾ ಮಾಡುವವಳು ಅಂತ ಯಾರಿಗೂ ಹೇಳಿಕೊಂಡಿಲ್ಲ, ಹೇಳಿದರೆ "ಹೀರೋ ಯಾರು?" ಅಂತ ಕೇಳುತ್ತಾರೆ. ಕಥೆ ಇಲ್ಲದ, ನಟರಿಲ್ಲದ, ನೋಡುವುದಕ್ಕೆ ಅಂತಲೇ ಮಾಡುವ ಸಿನಿಮಾ ನಮ್ಮಲ್ಲೂ ಇದೆ ಅಂತ ನನಗೆ ಗೊತ್ತಾಗಿದ್ದೇ ತಡವಾಗಿ. ಪ್ರಮೋದ್ ಪತಿ ಅನ್ನುವವರು 1968ರಲ್ಲಿ 'ಎಕ್ಸ್‌ಪ್ಲೋರರ್' ಅಂತ ಒಂದು ಪುಟ್ಟ ಚಿತ್ರ ಮಾಡಿದ್ದಾರೆ, ಅದೂ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿಗೆ! ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಪ್ರವಾಹ, ಅಣೆಕಟ್ಟು, ಮಂತ್ರಿಗಳ ಉದ್ಘಾಟನೆ ಎಲ್ಲ ತೋರಿಸುತ್ತಿದ್ದರಲ್ಲ, ಅದೇ ಫಿಲ್ಮ್ಸ್ ಡಿವಿಷನ್. ಪತಿಯವರ ಆ ಚಿತ್ರವನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ನೋಡಿದಾಗ ತಲೆ ಗಿರ್ರ್ ಅಂತು. ಆಮೇಲೆ ಬೆಂಗಳೂರಿನಲ್ಲಿ, ಇಂಥ ಸಿನಿಮಾಗಳದ್ದೇ ಆದ ಎಕ್ಸ್‌ಪೆರಿಮೆಂಟಾ ಉತ್ಸವದಲ್ಲಿ 16 ಎಂಎಂ ಅಗಲದ ಫಿಲ್ಮು ಓಡಿಸುವ ಪ್ರೊಜೆಕ್ಟರಿನ ಕಟಕಟ ಸದ್ದು ಕೇಳಿದೆ. ಮುಗಿಯಿತು, ಹುಚ್ಚು ಹತ್ತಿತು.

ಗೆಳೆಯನೊಬ್ಬನ ಹತ್ತಿರ ಅವರ ಮಾವನ ಕಾಲದ ಬೋಲೆಕ್ಸ್ ಕ್ಯಾಮೆರಾ ಇತ್ತು. ಸ್ವಿಸ್ ಮಾಲು, ಇಟ್ಟಿಗೆಯಷ್ಟು ಭಾರ. ಬ್ಯಾಟರಿ ಇಲ್ಲ, ಪಕ್ಕದ ಕೀಲಿ ತಿರುಗಿಸಬೇಕು. ಪೂರ್ತಿ ಕೀಲಿ ಕೊಟ್ಟರೆ ಸುಮಾರು 28 ಸೆಕೆಂಡು ಓಡಿ ನಿಲ್ಲುತ್ತದೆ. 100 ಅಡಿಯ ಒಂದು ರೋಲಿನಲ್ಲಿ 4000 ಚಿತ್ರಗಳು, ಸೆಕೆಂಡಿಗೆ 24ರಂತೆ ಎರಡು ನಿಮಿಷ ಮುಕ್ಕಾಲು. ಅಷ್ಟೇ. ಫೋನಿನಲ್ಲಿ ನಾಯಿಮರಿಯನ್ನು ಅದಕ್ಕಿಂತ ಜಾಸ್ತಿ ಹೊತ್ತು ಶೂಟ್ ಮಾಡುತ್ತೇವೆ. ಕಪ್ಪುಬಿಳುಪಿನ ಮೂರು ರೋಲು ತರಿಸಿದೆ. ಕಸ್ಟಮ್ಸ್ ಸುಂಕ ಕಟ್ಟಿದ ಮೇಲೆ ಆ ಡಬ್ಬಿಗಳನ್ನು ಫ್ರಿಜ್ಜಿನಲ್ಲಿ, ತುಪ್ಪದ ಪಕ್ಕ, ಚಿನ್ನದ ಹಾಗೆ ಇಟ್ಟಿದ್ದೆ.

ಏನು ಶೂಟ್ ಮಾಡುವುದು ಅನ್ನುವುದು ಮಾತ್ರ ಗೊತ್ತಿತ್ತು. ಮೂಡಿಗೆರೆ ಕಡೆ ನಮ್ಮ ದೊಡ್ಡಮ್ಮನ ತೋಟ. ಅಲ್ಲಿನ ಕಾಫಿ ಕಣ. ರೋಬಸ್ಟಾ ಕೊಯ್ಲಾಗಿ ಹಣ್ಣನ್ನು ಸಿಮೆಂಟ್ ಕಣದ ಮೇಲೆ ಹರಡುತ್ತಾರಲ್ಲ, ಕೆಂಪಗಿರುವುದು ದಿನದಿನಕ್ಕೆ ಕಂದಾಗಿ, ಕಪ್ಪಾಗಿ, ಎರಡು ವಾರದಲ್ಲಿ ಒಣಗುತ್ತದೆ. ಚಿಕ್ಕವಳಿದ್ದಾಗ ರಜೆಯಲ್ಲಿ ಅದರ ಮೇಲೆ ಬರಿಗಾಲಲ್ಲಿ ಓಡಿ ಬೈಸಿಕೊಂಡವಳು ನಾನು. ಆ ಬಣ್ಣ ಬದಲಾಗುವುದನ್ನು ಸುಮ್ನೆ ನೋಡಬೇಕು. ನನ್ನ ಸಿನಿಮಾ ಅಂದರೆ ಅಷ್ಟೇ.

ಬಣ್ಣ ಬದಲಾಗುವುದನ್ನು ಕಪ್ಪುಬಿಳುಪಿನಲ್ಲಿ ತೆಗೆಯುವುದು ಯಾವ ಬುದ್ಧಿವಂತಿಕೆ ಅಂತ ಕೇಳಬೇಡಿ. ನಾನೂ ಕೇಳಿಕೊಂಡಿದ್ದೆ. ಕಲರ್ ಫಿಲ್ಮನ್ನು ಮನೆಯಲ್ಲಿ ತೊಳೆಯುವುದು ದೊಡ್ಡ ರಗಳೆ, ದುಡ್ಡೂ ಇರಲಿಲ್ಲ.

ಕಾಫಿಯಲ್ಲಿ ಡೆವಲಪ್ ಮಾಡುವ, ಅಂದರೆ ಫಿಲ್ಮು ತೊಳೆದು ಚಿತ್ರ ಬರಿಸುವ ವಿಷಯವೂ ಹಾಗೇ ಬಂದಿದ್ದು. ಇದು ನನ್ನ ಕಂಡುಹಿಡಿಕೆ ಅಲ್ಲ. ಅಮೆರಿಕದ ರೋಚೆಸ್ಟರ್‌ನಲ್ಲಿ, ಅಂದರೆ ಕೊಡಾಕ್ ಕಂಪನಿಯ ತವರೂರಿನಲ್ಲೇ, ಸ್ಕಾಟ್ ವಿಲಿಯಮ್ಸ್ ಅನ್ನುವ ಮೇಷ್ಟ್ರು ಮತ್ತು ಅವರ ವಿದ್ಯಾರ್ಥಿಗಳು 1995ರಲ್ಲಿ ಇದನ್ನು ಮಾಡಿ ತೋರಿಸಿದರು. ಇನ್‌ಸ್ಟಂಟ್ ಕಾಫಿ, ಬಟ್ಟೆ ಒಗೆಯುವ ಸೋಡಾ. ಆಮೇಲಿನವರು ವಿಟಮಿನ್ ಸಿ ಸೇರಿಸಿದರು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲ. ಆ ಜಾತಿಯ ಆಮ್ಲಗಳು ಅರೇಬಿಕಾಗಿಂತ ರೋಬಸ್ಟಾದಲ್ಲೇ ಜಾಸ್ತಿ. ಅಂದರೆ ಕುಡಿಯುವುದಕ್ಕೆ ಯಾವುದು ಒರಟೋ ಅದೇ ಫಿಲ್ಮಿಗೆ ಒಳ್ಳೆಯದು. ನನಗೆ ಇದು ಸಿಕ್ಕಿದ್ದು ಡೆವಲಪರ್ ಕೆಮಿಕಲ್ಲಿಗೆ ಅಲೆದು ಅಲೆದು ಸಾಕಾಗಿ. ಕಿರಾಣಿ ಅಂಗಡಿಯಲ್ಲಿ ಸಿಗುತ್ತದಲ್ಲ ಅಂತ.

ಆದರೆ ಗೆಳೆಯನಿಗೆ ಹೇಳಿದ್ದೇ ತಡ, "ಕಾಫಿ ಬಗ್ಗೆ ಸಿನಿಮಾ, ಕಾಫಿಯಲ್ಲೇ ಡೆವಲಪ್! ಸಖತ್ ಕಾನ್ಸೆಪ್ಟು ಕಣೇ, ಗ್ರಾಂಟಿಗೆ ಹಾಕು" ಅಂದ. ಹಾಕಿದೆ ಕೂಡ. ಎರಡು ಪುಟ ಬರೆದೆ. ಭೂಮಿ, ನೆನಪು, ದ್ರವ್ಯ ಏನೇನೋ. ಗ್ರಾಂಟು ಬರಲಿಲ್ಲ. ಈಗ ಓದಿದರೆ ಬರದಿದ್ದುದೇ ಸರಿ ಅನ್ನಿಸುತ್ತದೆ. ಅದರಲ್ಲಿ ಕಣ ಹೇಗೆ ಕಾಣುತ್ತದೆ ಅಂತ ಒಂದು ಸಾಲೂ ಇರಲಿಲ್ಲ.

ಜನವರಿ ಕೊನೆಗೆ ತೋಟಕ್ಕೆ ಹೋದೆ. ಮೊದಲ ರೋಲು ಹಾಳಾಯಿತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಹತ್ತು ಸೆಕೆಂಡಿಗೆ ಒಂದು ಚಿತ್ರ. ಎಂಟು ಗಂಟೆಗಳಲ್ಲಿ 2880 ಚಿತ್ರ, ಓಡಿಸಿದರೆ ಎರಡು ನಿಮಿಷ. ನೆರಳು ಕಣದ ಮೇಲೆ ಹರಿದು ಹೋಗುವುದು ಕಾಣಬೇಕು ಅಂತ ಆಸೆ. ಸ್ಟೂಲಿನ ಮೇಲೆ ಕೂತು ಎಣಿಸಿ ಎಣಿಸಿ ಗುಂಡಿ ಒತ್ತಿದೆ. ಊಟಕ್ಕೆ ಎದ್ದಾಗ ಕೆಲಸದ ಹುಡುಗನೊಬ್ಬ ಒತ್ತಿದ. ದೊಡ್ಡಮ್ಮ ಎರಡು ಸಲ ಬಂದು ನೋಡಿ, "ಏನೇ ಪುಟ್ಟಿ, ಮದುವೆ ವಿಡಿಯೋದವ್ರೂ ಇಷ್ಟು ಹೊತ್ತು ತಗೊಳಲ್ಲ" ಅಂದು ಹೋದರು.

ತಪ್ಪಾಗಿದ್ದು ಎಲ್ಲಿ ಗೊತ್ತಾ? ಈ ಕ್ಯಾಮೆರಾದಲ್ಲಿ ನಾವು ಕಣ್ಣಿಟ್ಟು ನೋಡುವ ತೂತಿನಿಂದಲೂ ಬೆಳಕು ಒಳಗೆ ಹೋಗುತ್ತದೆ. ಕಣ್ಣು ತೆಗೆದಾಗ ಅದರ ಮುಚ್ಚಳ ಹಾಕಬೇಕು. ನಾನು ಹಾಕಲಿಲ್ಲ. ಬೆನ್ನ ಹಿಂದಿನ ಬಿಸಿಲು ಇಡೀ ದಿನ ಹಿಂಬಾಗಿಲಿಂದ ಫಿಲ್ಮಿಗೆ ಬಡಿದಿದೆ. ಡೆವಲಪ್ ಮಾಡಿದಾಗ ಕಂಡಿದ್ದು ಮಂಜಿನ ಪರದೆ. ಇಂಥ ಸಿನಿಮಾ ಮಾಡುವವರ ಬಳಗದಲ್ಲಿ ಒಂದು ಮಾತಿದೆ, ತಪ್ಪೇ ಸೊಬಗು ಅಂತ. ನನಗೆ ಆ ಮಾತಿನ ಮೇಲೆ ನಂಬಿಕೆ ಕಮ್ಮಿ. ಕೆಲವು ತಪ್ಪು ಬರೀ ತಪ್ಪು. ಅದನ್ನು ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಬೇಜಾರಾಯಿತು. ಪಕ್ಕಕ್ಕಿಟ್ಟೆ.

ಆದರೆ ಇದೆಲ್ಲ ಗೊತ್ತಾಗಿದ್ದು ಮಾರ್ಚಿನಲ್ಲಿ, ಬೆಂಗಳೂರಿನ ಬಚ್ಚಲಲ್ಲಿ. ತೋಟದಲ್ಲಿದ್ದಾಗ ಭಾರೀ ಚೆನ್ನಾಗಿ ಬಂದಿದೆ ಅಂತಲೇ ಅಂದುಕೊಂಡಿದ್ದೆ.

ಎರಡನೇ ರೋಲಿಗೆ ಬೇರೆ ಲೆಕ್ಕ. ಗೋಡೌನಿನ ಅಟ್ಟದ ಕಿಟಕಿಯಿಂದ ಇಡೀ ಕಣ ಕಾಣುತ್ತದೆ. ಅಲ್ಲಿ ಸ್ಟ್ಯಾಂಡಿನ ಮೂರು ಕಾಲಿಗೆ ಸುಣ್ಣದಲ್ಲಿ ಮೂರು ಚುಕ್ಕೆ ಇಟ್ಟೆ. ದಿನಾ ಹನ್ನೊಂದು ಗಂಟೆಗೆ, ಅದೇ ಚುಕ್ಕೆಯ ಮೇಲೆ, ಹತ್ತು ಸೆಕೆಂಡು. ಹದಿನಾಲ್ಕು ದಿನ. ನಡುವೆ ಯಾರು ಬಂದರೂ ಸರಿ, ನಾಯಿ ಮಲಗಿದರೂ ಸರಿ, ಏನೂ ಆಗದಿದ್ದರೂ ಸರಿ. ನಾನು ಏನನ್ನೂ ಜೋಡಿಸಬಾರದು, ಯಾರಿಗೂ "ಸ್ವಲ್ಪ ಆ ಕಡೆ ನಿಲ್ಲಿ" ಅನ್ನಬಾರದು. ನನಗೆ ಇಂಥ ಕಟ್ಟುಪಾಡು ಬೇಕು. ಇಲ್ಲದಿದ್ದರೆ ಚೆಂದ ಮಾಡಲು ಹೋಗುತ್ತೇನೆ. ಪೇಂಟಿಂಗ್ ಓದಿದವರ ರೋಗ ಅದು.

ಹತ್ತು ಸೆಕೆಂಡು ಅಂದರೆ 240 ಚಿತ್ರ, ಆರು ಅಡಿ. ನಾಲ್ಕು ದಿನಕ್ಕೆ 24 ಅಡಿ. ಪ್ರತಿ ನಾಲ್ಕು ದಿನಕ್ಕೊಮ್ಮೆ ಲೆನ್ಸ್ ಮುಚ್ಚಿ ಒಂದಡಿ ಖಾಲಿ ಓಡಿಸಿದೆ, ಆಮೇಲೆ ಕತ್ತಲಲ್ಲಿ ಕತ್ತರಿಸಲು ಜಾಗ ಬೇಕಲ್ಲ.

ಒಂಬತ್ತನೇ ದಿನ ಮಳೆ ಬಂತು. ಫೆಬ್ರವರಿಯಲ್ಲಿ ಯಾರು ಕರೆದಿದ್ದರೋ. ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು, ನಾನು ಅಟ್ಟದ ಮೇಲೆ ಕೀಲಿ ಕೊಡುತ್ತಿದ್ದೆ. ಕೆಳಗೆ ಕೂಗಾಟ. ನೋಡಿದರೆ ಎಲ್ಲರೂ ಓಡುತ್ತಿದ್ದಾರೆ, ಹಲಗೆ ಕಟ್ಟಿದ ಕೋಲಿನಿಂದ ಕಾಫಿಯನ್ನು ರಾಶಿಗೆ ಎಳೆಯುತ್ತಿದ್ದಾರೆ, ನೀಲಿ ಟಾರ್ಪಲ್ ಗಾಳಿಗೆ ಹಡಗಿನ ಪಟದ ಹಾಗೆ ಎದ್ದಿದೆ. ಇಂಥ ದೃಶ್ಯ ಮತ್ತೆ ಸಿಗುತ್ತದಾ? ಗುಂಡಿಯ ಮೇಲೆ ಬೆರಳಿತ್ತು. ದೊಡ್ಡಮ್ಮ ಕೆಳಗಿಂದ ತಲೆಯೆತ್ತಿ ಒಂದೇ ಮಾತು: "ಪುಟ್ಟೀ, ಆ ಡಬ್ಬ ಬಿಟ್ಟು ಮೊದ್ಲು ಟಾರ್ಪಲ್ ಹಿಡಿ ಬಾ!"

ಇಳಿದು ಓಡಿದೆ. ಟಾರ್ಪಲಿನ ಒಂದು ಮೂಲೆಗೆ ಕಲ್ಲು ಹೇರಿ, ಇನ್ನೊಂದು ಮೂಲೆ ಹಿಡಿದು ನಿಂತೆ. ಪೂರ್ವದ ಅಂಚಿಗೆ ಟಾರ್ಪಲ್ ಸಾಲಲಿಲ್ಲ, ಅಲ್ಲಿಯ ಕಾಫಿ ತೊಯ್ದೇ ಹೋಯಿತು. ಮಳೆ ಇಪ್ಪತ್ತು ನಿಮಿಷ ಇತ್ತು. ಮೈ ಒರೆಸಿಕೊಂಡು ಅಟ್ಟ ಹತ್ತಿದಾಗ ಹನ್ನೊಂದು ಕಾಲು. ಒಂಬತ್ತನೇ ದಿನದ ಹತ್ತು ಸೆಕೆಂಡಿನಲ್ಲಿ ಇರುವುದು ಮುಚ್ಚಿದ ರಾಶಿ, ಒದ್ದೆ ಕಣ, ಯಾರದೋ ಬಿಟ್ಟ ಚಪ್ಪಲಿ ಒಂದು.

ಇನ್ನೊಂದು ಕೆಲಸ ಮಾಡಿದೆ. ಕಾಫಿ ಒಣಗಿದೆಯಾ ಅಂತ ನೋಡಲು ದೊಡ್ಡಮ್ಮ ಮುಷ್ಟಿ ತುಂಬ ಹಣ್ಣು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಮೊದಲ ದಿನಗಳಲ್ಲಿ ಏನೂ ಸದ್ದಿಲ್ಲ, ಮೆತ್ತಗೆ ಚಪ್ ಅನ್ನುತ್ತದೆ. ಒಣಗುತ್ತಾ ಹೋದ ಹಾಗೆ ಸಿಪ್ಪೆಯೊಳಗೆ ಬೀಜ ಬಿಡಿಸಿಕೊಂಡು ಗಲಗಲ ಅನ್ನುತ್ತದೆ. ಫೋನನ್ನು ಅವರ ಕೈ ಹತ್ತಿರ ಹಿಡಿದು ದಿನಾ ಅದನ್ನು ರೆಕಾರ್ಡ್ ಮಾಡಿಕೊಂಡೆ. ಆಗ ಅದು ಸಿನಿಮಾದ ಧ್ವನಿಯಾಗುತ್ತದೆ ಅಂತ ಗೊತ್ತಿರಲಿಲ್ಲ, ಸುಮ್ನೆ ಇಷ್ಟವಾಯಿತು ಅಂತ. ಮೂರನೇ ರೋಲಿನಲ್ಲಿ ಹತ್ತಿರದ ಚಿತ್ರಗಳು. ಕೆದಕುವ ಕೋಲು, ಕಾಲು, ಕೈ.

ಬೆಂಗಳೂರಿಗೆ ಬಂದ ಮೇಲೆ ಅಡುಗೆ ಶುರು. 3 ಲೀಟರ್ ನೀರಿಗೆ 162 ಗ್ರಾಂ ಸೋಡಾ, 48 ಗ್ರಾಂ ವಿಟಮಿನ್ ಸಿ, 120 ಗ್ರಾಂ ಕಾಫಿ. ಇದೇ ಕ್ರಮದಲ್ಲಿ ಕರಗಿಸಬೇಕು. ವಿಟಮಿನ್ ಸಿ ಬಿದ್ದಾಗ ನೊರೆ ಏಳುತ್ತದೆ, ಅದು ಇಳಿಯುವವರೆಗೆ ಕಾಯಬೇಕು. ನೀರು 20 ಡಿಗ್ರಿ ಇರಬೇಕು. ಮಾರ್ಚಿನ ನಲ್ಲಿ ನೀರು 20 ಡಿಗ್ರಿ ಎಲ್ಲಿ ಬರುತ್ತೆ? ಐಸ್ ತುಂಬಿದ ಟಬ್ಬಿನಲ್ಲಿ ಬಕೆಟ್ ಇಟ್ಟೆ.

ಇನ್ನು ವಾಸನೆ. ಕಾಫಿ ಘಮ ಬರುತ್ತದೆ ಅಂದುಕೊಂಡಿದ್ದರೆ ಆ ಆಸೆ ಬಿಡಿ. ಮಳೆಗಾಲದಲ್ಲಿ ಗೋಣಿಚೀಲ ನೆನೆದು ಕೊಳೆತರೆ ಹೇಗೋ ಹಾಗೆ. ಅಮ್ಮ ಎರಡು ದಿನ ಕಾಫಿ ಬಿಟ್ಟು ಟೀ ಕುಡಿದಳು.

ಮೊದಲ ರೋಲನ್ನು ನಾಲ್ಕು ತುಂಡು ಮಾಡಿ ಒಂದೊಂದೇ ತೊಳೆದೆ. ಕತ್ತಲಲ್ಲಿ ಅಳೆಯುವುದು ಹೇಗೆ? ಹೂವಿನವರ ಹಾಗೆ, ಮಾರು ಹಾಕಿ. ನನ್ನ ಒಂದು ಮಾರು ಸರಿಯಾಗಿ ಐದಡಿ ಬರುತ್ತದೆ, ಟೇಪು ಹಿಡಿದು ನೋಡಿಕೊಂಡಿದ್ದೆ. ಐದು ಮಾರಿಗೆ ಕತ್ತರಿ.

ಮೊದಲ ತುಂಡಿಗೆ ಜಂಬದಿಂದ ದೊಡ್ಡಮ್ಮನ ತೋಟದ್ದೇ ಪುಡಿಯ ಗಟ್ಟಿ ಡಿಕಾಕ್ಷನ್ ಹಾಕಿದೆ. ಗ್ರಾಂಟಿಗೆ ಬರೆದ ಎರಡು ಪುಟದ ಗುಂಗು ಇನ್ನೂ ಇತ್ತು. ಚಿತ್ರ ಬಂತು ಅಂದರೆ ಬಂತು, ಬಟ್ಟೆಯ ಮೇಲಿನ ಹಳೇ ಕಲೆಯಷ್ಟು. ಎರಡನೆಯದಕ್ಕೆ ಚಿಕೋರಿ ಇಲ್ಲದ ಇನ್‌ಸ್ಟಂಟ್ ಪುಡಿ ತಂದೆ. ಅಂಗಡಿಯಲ್ಲಿ ಸಿಗುವ ಪ್ಯಾಕು ಎಷ್ಟೋ 70:30, 60:40 ಇರುತ್ತವೆ, ನೋಡಿ ತಗೋಬೇಕು. ಆದರೂ ತೆಳು. ಏನು ತಪ್ಪು ಅಂತ ಅರ್ಥವೇ ಆಗಲಿಲ್ಲ. ರಾತ್ರಿ ಸೋಡಾ ಪ್ಯಾಕೆಟ್ ಕೈಯಲ್ಲಿ ಹಿಡಿದು ಕೂತಾಗ ಹೊಳೆಯಿತು: ಇದು ಹರಳು! ಕಲ್ಲುಸಕ್ಕರೆಯ ಹಾಗೆ ಮಿರಮಿರ ಅನ್ನುತ್ತಿದೆ. ಹರಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ನೀರು. ಒಣ ಪುಡಿಯ ಲೆಕ್ಕಕ್ಕೆ ಹರಳು ಹಾಕುವುದಾದರೆ 2.7 ಪಟ್ಟು ಹಾಕಬೇಕು. ನಾನು 437 ಗ್ರಾಂ ಹಾಕಬೇಕಾದ ಕಡೆ 162 ಹಾಕಿದ್ದೆ.

ಹಳೇ ಬಾಣಲೆಯಲ್ಲಿ ಹರಳನ್ನು ಹುರಿದೆ. ಮೊದಲು ತನ್ನ ನೀರಿನಲ್ಲೇ ಕರಗಿ ಗಂಜಿಯಾಗುತ್ತದೆ. ಕೊತಕೊತ ಕುದಿಯುತ್ತದೆ. ಆಮೇಲೆ ಗಟ್ಟಿಯಾಗಿ, ಬಿರಿದು, ಕೊನೆಗೆ ಮೈದಾ ಹಿಟ್ಟಿನಂಥ ಬೆಳ್ಳನೆ ಪುಡಿ. ಅದನ್ನು ತೂಗಿ ಹಾಕಿದ ಮೂರನೇ ತುಂಡಿನಲ್ಲಿ ಚಿತ್ರ ಕಪ್ಪಗೆ, ಗಟ್ಟಿಯಾಗಿ ನಿಂತಿತು. ಕಣ್ಣಿನ ತೂತಿನಿಂದ ಬಂದ ಮಂಜೂ ಅಷ್ಟೇ ಗಟ್ಟಿಯಾಗಿ ನಿಂತಿತ್ತು, ಅದು ಬೇರೆ ಮಾತು. ಬಾಣಲೆ ಈಗ ಅಡುಗೆಮನೆಗೆ ವಾಪಸ್ ಹೋಗುವ ಹಾಗಿಲ್ಲ.

ಕಾಫಿಯಾದ ಮೇಲೆ ನೀರು, ನೀರಾದ ಮೇಲೆ ಹೈಪೋ, ಅಂದರೆ ಬಂದ ಚಿತ್ರ ಬೆಳಕಿಗೆ ಕೆಡದ ಹಾಗೆ ನಿಲ್ಲಿಸುವ ದ್ರಾವಣ. ಹೈಪೋಗೆ ಮಾತ್ರ ಅಂಗಡಿಯ ಕೆಮಿಕಲ್ಲೇ ಬೇಕು. ಬಳಸಿದ ಹೈಪೋದಲ್ಲಿ ಬೆಳ್ಳಿ ಸೇರಿರುತ್ತದೆ, ಮೋರಿಗೆ ಸುರಿಯಬಾರದು. ನನ್ನ ಹತ್ತಿರ ಇನ್ನೂ ಎರಡು ಕ್ಯಾನು ಬಾಲ್ಕನಿಯಲ್ಲಿ ಕೂತಿವೆ.

ಎರಡನೇ ರೋಲಿನ ದಿನ ಕೈ ನಡುಗುತ್ತಿತ್ತು. ಫಿಲ್ಮು ಕೊನೆಯಿಂದ ಬಿಚ್ಚಿಕೊಳ್ಳುತ್ತದೆ, ಹದಿನಾಲ್ಕನೇ ದಿನವೇ ಮೊದಲು ಕೈಗೆ ಬರುವುದು. ಮಾರು ಎಣಿಸುತ್ತಾ ಕತ್ತರಿ ಹಾಕಿದೆ. ಎರಡು ಕಡೆ ಸರಿಯಾಗಿ ಖಾಲಿ ಜಾಗಕ್ಕೇ ಬಿತ್ತು, ಒಂದು ಕಡೆ ಎಂಟನೇ ದಿನದ ಬಾಲ ಹೋಯಿತು. ಮೇಲೆ ಬರೆದಿರುವ ಮಾತುಕತೆ, ಅಮ್ಮ ಒಂಬತ್ತು ಅಂದಿದ್ದು, ಅವತ್ತಿನದೇ.

ನಡುಮನೆಯ ಉದ್ದಕ್ಕೂ ಕಟ್ಟಿದ ಹಗ್ಗದಲ್ಲಿ ಒಣ ಹಾಕಿದೆ. ರಾತ್ರಿ ಹನ್ನೆರಡಕ್ಕೆ ಟ್ಯೂಬ್‌ಲೈಟಿನ ಎದುರು ಭೂತಗನ್ನಡಿ ಹಿಡಿದು ಒಂದು ತುದಿಯಿಂದ ನೋಡುತ್ತಾ ಹೋದೆ.

ಕಣ ಕಪ್ಪಗಿತ್ತು. ಅದರ ಮೇಲೆ ಬೆಳಕಿನ ಚುಕ್ಕೆಗಳು.

ನಾನು ಬಳಸಿದ ಫಿಲ್ಮು ಪೂರ್ತಿ ಕ್ರಮದಲ್ಲಿ ತೊಳೆದರೆ ನೇರವಾಗಿ ಸರಿಯಾದ ಚಿತ್ರವನ್ನೇ ಕೊಡುತ್ತದೆ. ಕಾಫಿಯಲ್ಲಿ ಮೊದಲ ಅರ್ಧ ಮಾತ್ರ ಆಗುತ್ತದೆ, ಹಾಗಾಗಿ ಸಿಗುವುದು ನೆಗೆಟಿವ್. ಬಿಳಿ ಇದ್ದದ್ದು ಕಪ್ಪು, ಕಪ್ಪಿದ್ದದ್ದು ಬಿಳಿ. ಕಂಪ್ಯೂಟರಿಗೆ ಹಾಕಿ ತಿರುಗಿಸಿದರಾಯಿತು ಅಂತ ಇದ್ದೆ. ಆದರೆ ಹಗ್ಗದ ಉದ್ದಕ್ಕೂ ನೋಡುತ್ತಾ ಹೋದ ಹಾಗೆ ನಿಂತುಬಿಟ್ಟೆ. ಮೊದಲ ದಿನದ ಹಣ್ಣು ಬೂದು. ನಾಲ್ಕನೇ ದಿನ ಸ್ವಲ್ಪ ತಿಳಿ. ಹಣ್ಣು ಒಣಗಿ ಕಪ್ಪಾದಷ್ಟೂ ಇಲ್ಲಿ ಬೆಳ್ಳಗಾಗುತ್ತಿದೆ! ಹದಿನಾಲ್ಕನೇ ದಿನಕ್ಕೆ ಇಡೀ ಕಣ ಅಮಾವಾಸ್ಯೆ ಆಕಾಶದ ಹಾಗೆ. ಅದರ ನಡುವೆ ಒಬ್ಬ ಬೆಳ್ಳನೆ ನಾಯಿ ಕಪ್ಪಾಗಿ ಮಲಗಿದ್ದಾನೆ.

ಬಿಸಿಲಲ್ಲಿ ಹದಿನಾಲ್ಕು ದಿನ ನಿಂತು ನೋಡಿದ್ದೆ, ಆದರೆ ಅಟ್ಟದಿಂದ ಅದು ಮಬ್ಬಾಗುತ್ತಾ ಹೋಗುವುದೇ ಕಂಡಿತ್ತು. ತಿರುಗಿಸಲಿಲ್ಲ. ನೆಗೆಟಿವ್ ಹಾಗೇ ಇಟ್ಟೆ.

ಇದಾದ ಮೇಲೆ ಬಾಕಿಯದ್ದೆಲ್ಲ ಬರೀ ತೆಗೆದುಹಾಕುವ ಕೆಲಸ. ಲೈಟ್ ಪ್ಯಾಡಿನ ಮೇಲೆ ಫಿಲ್ಮಿಟ್ಟು ಮ್ಯಾಕ್ರೋ ಲೆನ್ಸಿನಲ್ಲಿ ಒಂದೊಂದೇ ಚಿತ್ರದ ಫೋಟೋ ತೆಗೆದೆ. ದಿನಕ್ಕೆ ನಾಲ್ಕುನೂರರಂತೆ ಎರಡು ವಾರ, ಐದು ಸಾವಿರಕ್ಕೂ ಜಾಸ್ತಿ. ಬೆನ್ನು ಬಿದ್ದುಹೋಯಿತು. ಮೊದಲ ರೋಲು ಪೂರ್ತಿ ಹೊರಗೆ. ಮೂರನೆಯದರಲ್ಲಿ ಅರ್ಧ ಹೊರಗೆ, ಅದರಲ್ಲಿ ಗೀರು ಬಿದ್ದು ಮಿಂಚುವ ಒಂದು ಜಾಗ ಬಹಳ ಚೆಂದ ಇತ್ತು. ತುಂಬ 'ಎಕ್ಸ್‌ಪೆರಿಮೆಂಟಲ್' ಆಗಿ ಕಾಣುತ್ತಿತ್ತು, ಅದಕ್ಕೇ ತೆಗೆದೆ. ಶುರುವಿನಲ್ಲಿ "ಈ ಚಿತ್ರವನ್ನು ಕಾಫಿಯಲ್ಲಿ ಸಂಸ್ಕರಿಸಲಾಗಿದೆ" ಅಂತ ಒಂದು ಬರಹ ಹಾಕಿದ್ದೆ. ಗೆಳೆಯನಿಗೆ ಅದೇ ಭಾರೀ ಇಷ್ಟ. ಮೂರು ವಾರ ಇಟ್ಟು, ಅದನ್ನೂ ತೆಗೆದೆ. ಅದನ್ನು ಓದಿದವರು ಆಮೇಲೆ ಕಣ ನೋಡುತ್ತಿರಲಿಲ್ಲ, ಕಾಫಿ ಕಲೆ ಎಲ್ಲಿದೆ ಅಂತ ಹುಡುಕುತ್ತಿದ್ದರು. ಉಳಿದದ್ದು 3 ನಿಮಿಷ 40 ಸೆಕೆಂಡು. ಧ್ವನಿಗೆ ದೊಡ್ಡಮ್ಮನ ಮುಷ್ಟಿ ಮಾತ್ರ. ದಿನಕ್ಕೊಂದು ಸಲ ಅಲ್ಲಾಡಿಸಿದ್ದು, ಚಪ್ ಇಂದ ಗಲಗಲದವರೆಗೆ.

ಗಣಪತಿ ಹಬ್ಬಕ್ಕೆ ತೋಟಕ್ಕೆ ಹೋದಾಗ ಪ್ರೊಜೆಕ್ಟರ್ ಒಯ್ದೆ. ಗೋಡೌನಿನ ಗೋಡೆಗೆ ಬಿಟ್ಟೆ. ಹೊರಗೆ ಮಳೆ ಸುರಿಯುತ್ತಿತ್ತು. ದೊಡ್ಡಮ್ಮ ಗೋಣಿಚೀಲದ ಮೇಲೆ ಕೂತು, ಕನ್ನಡಕ ಸರಿಮಾಡಿಕೊಂಡು ನೋಡಿದರು. ಕಪ್ಪು ಬಿಳಿ ಯಾಕೆ ತಿರುಗಿದೆ ಅಂತ ಕೇಳುತ್ತಾರೆ ಅಂತ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅದನ್ನು ಕೇಳಲೇ ಇಲ್ಲ. ಹನ್ನೆರಡನೇ ದಿನ ಬಂದಾಗ ಮುಂದಕ್ಕೆ ಬಾಗಿದರು.

"ನಿಲ್ಸು ನಿಲ್ಸು. ಅಲ್ಲಿ, ಆ ಮೂಲೆ ನೋಡು."

ನಿಲ್ಲಿಸಿದೆ. ಎಡಗಡೆ ಮೇಲೆ, ಪೂರ್ವದ ಅಂಚು. ಎಲ್ಲ ಕಡೆ ಬೆಳ್ಳಗಿರುವಾಗ ಅಲ್ಲಿ ಅಂಗೈಯಗಲ ಬೂದು ಹಾಗೇ ಇತ್ತು. ಐದು ಸಾವಿರ ಚಿತ್ರ ಒಂದೊಂದಾಗಿ ನೋಡಿದವಳ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಮಳೇಲಿ ನೆಂದಿದ್ದು ಅದು. ಬೇರೆ ಒಣಗಿಸಿ ಅಂತ ಅವತ್ತೇ ಬಡ್ಕೊಂಡೆ, ಯಾರು ಕೇಳ್ತಾರೆ? ಎಲ್ಲ ಒಟ್ಟಿಗೆ ತುಂಬಿಬಿಟ್ರು." ಹೊರಗೆ ತಿರುಗಿ ಮೇಸ್ತ್ರಿಯ ಹೆಸರು ಹಿಡಿದು ಕೂಗಿದರು. "ಬಾರೋ ಇಲ್ಲಿ. ಬಂದು ನೋಡು."

ಮೇಸ್ತ್ರಿ ಕಂಬಳಿ ಕೊಪ್ಪೆ ಕೊಡವಿಕೊಂಡು ಒಳಗೆ ಬಂದ. ದೊಡ್ಡಮ್ಮ ನನ್ನ ಕಡೆ ತಿರುಗಿ, "ಮೊದ್ಲಿಂದ ಹಾಕೇ" ಅಂದರು.